ಒಂದು ಮನೆಗೆ ಒಂದೇ ನಂಬರು

ಜನವರಿ ೧೧

ಚೂಟಿ,

ಹೊಸ ವರ್ಷ ಬಂದು ಇಷ್ಟು ದಿನವಾದ ಮೇಲೆ ಅಣ್ಣನಿಗೆ ತಂಗಿಯ ನೆನಪಾಯಿತೇ ಎಂದು ನೀನು ಮೂಗು ಮುರಿಯುತ್ತೀಯ. ಮುರಿ. ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ. ಟೈಲ್ಸ್ ವ್ಯಾಪಾರ ಎಂದರೆ ಗೊತ್ತಲ್ಲ, ಗಿರಾಕಿ ಬೆಳಗಿನಿಂದ ಬಿಳಿ ಬಣ್ಣದಲ್ಲೇ ಹತ್ತು ಬಗೆ ನೋಡಿ, ಸಂಜೆ "ಮನೇಲಿ ಒಂದು ಮಾತು ಕೇಳ್ಕೊಂಡು ಬರ್ತೀನಿ" ಎಂದು ಎದ್ದು ಹೋಗುತ್ತಾನೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯ ತೆರಿಗೆ ಚೀಟಿಗಳು ಈ ಸಲವೂ ಬಂದಿವೆ. ಮುಂಭಾಗಕ್ಕೆ ಮೇಲಿನ ಪುರಸಭೆಯದು, ಹಿಂಭಾಗಕ್ಕೆ ಕೆಳಗಿನ ಪುರಸಭೆಯದು. ಇವೆರಡರ ತಲೆಯ ಮೇಲೆ ನೀರಿನ ಮಂಡಳಿಯದು, ಅದರ ಮೇಲೆ ಬೀದಿದೀಪದ ಮಂಡಳಿಯದು. ಒಂದು ಹೆಂಚಿನ ಮನೆಯನ್ನು ನಾಲ್ಕು ಆಡಳಿತಗಳು ಹಂಚಿಕೊಂಡು ತಿನ್ನುತ್ತಿವೆ. ನಾಲ್ಕಕ್ಕೂ ಒಬ್ಬೊಬ್ಬ ಅಧ್ಯಕ್ಷ, ಒಂದೊಂದು ಕಾರು, ಆ ಕಾರಿಗೊಬ್ಬ ಡ್ರೈವರು. ಎರಡು ಪುರಸಭೆಗಳ ಕಸದ ಲಾರಿಗಳು ನಮ್ಮ ಬೀದಿಯಲ್ಲಿ ಎದುರುಬದುರು ನಿಂತು ಯಾವ ಕಸ ಯಾರದು ಎಂದು ಜಗಳ ಆಡುತ್ತವೆ ಎಂದು ನೀನೇ ಬರೆದಿದ್ದೆ.

ಇವೆಲ್ಲವನ್ನೂ ಸೇರಿಸಿ ಒಂದೇ ನಗರಸಭೆ ಮಾಡಿ, ಮನೆ ತೆರಿಗೆ ಇಳಿಸಿ ಎಂದು ಕೇಳಲು ತೆರಿಗೆದಾರರ ಒಕ್ಕೂಟ ಹುಟ್ಟಿದೆ. ನಾನು ದೂರದ ಊರಿನಲ್ಲಿದ್ದರೂ ನನ್ನನ್ನೇ ಕಾರ್ಯದರ್ಶಿ ಮಾಡಿದ್ದಾರೆ. ಸಾಕಷ್ಟು ಮನೆಯವರು ಸಹಿ ಹಾಕಿದರೆ ಸರಕಾರ ಮತಕ್ಕೆ ಹಾಕುತ್ತದೆ. ಸಹಿ ಮಾಡಿಸಲು ನಿನಗಿಂತ ಗಟ್ಟಿಗರು ಯಾರಿದ್ದಾರೆ ಹೇಳು. ನೀನು ಬಾಯಿ ತೆರೆದರೆ ಎದುರಿನವರು ತಪ್ಪಿಸಿಕೊಳ್ಳಲಿಕ್ಕಾದರೂ ಹೂಂ ಅನ್ನುತ್ತಾರೆ. ಅಂಥ ಅಮ್ಮನೇ ನಿನ್ನ ಬಾಯಿಗೆ ಹೆದರುತ್ತಿದ್ದಳು.

ಕರಪತ್ರಗಳ ಕಟ್ಟು ಬಸ್ಸಿನಲ್ಲಿ ಕಳಿಸಿದ್ದೇನೆ. ಇಳಿಸಿಕೋ.

ನಿನ್ನ ಅಣ್ಣ

~

ಜನವರಿ ೨೯

ಅಣ್ಣಾ,

ಕರಪತ್ರ ತಲುಪಿತು, ನೀನು ನನಗೆ ಹಚ್ಚಿದ ಬೆಣ್ಣೆಯೂ ತಲುಪಿತು. ಕರಪತ್ರದ ಕಟ್ಟಿಗಿಂತ ಬೆಣ್ಣೆಯ ಭಾರವೇ ಹೆಚ್ಚಿತ್ತು.

ನೀನು ಹೇಳುವುದು ಸುಳ್ಳಲ್ಲ. ನಾನು ಅಡುಗೆ ಮಾಡುವುದು ಕೆಳಗಿನ ಪುರಸಭೆಯಲ್ಲಿ, ಬಟ್ಟೆ ಒಣಹಾಕುವುದು ಮೇಲಿನ ಪುರಸಭೆಯಲ್ಲಿ. ಅಂಗಳದ ನಡುವೆ ಹೂತ ಗಡಿಕಲ್ಲನ್ನು ದಿನಕ್ಕೆ ಇಪ್ಪತ್ತು ಸಲ ದಾಟುತ್ತೇನೆ, ಯಾರೂ ಸುಂಕ ಕೇಳಿಲ್ಲ ಎನ್ನುವುದೇ ಪುಣ್ಯ. ಕಳೆದ ವಾರ ಗೋಡೆ ಹಾರಿ ಬಂದ ನಾಯಿಯೊಂದು ಸರಿಯಾಗಿ ಆ ಕಲ್ಲಿನ ಪಕ್ಕ ಸತ್ತುಬಿತ್ತು. ತಲೆ ನಮ್ಮದು, ಬಾಲ ಅವರದು ಎಂದು ಎರಡು ಕಚೇರಿಯವರೂ ಕೈಕಟ್ಟಿ ನಿಂತರು. ಕೊನೆಗೆ ಎಳೆದು ಹಾಕಿದವಳು ನಾನು.

ಆದರೆ ಎರಡು ಮಾತು ಕೇಳಬೇಕು. ಎರಡೂ ಕಚೇರಿಯ ರಿಜಿಸ್ಟರುಗಳಿಗೆ ರಟ್ಟು ಕಟ್ಟುವವಳು ನಾನು. ಕಚೇರಿ ಒಂದಾದರೆ ನನ್ನ ಬೈಂಡಿಂಗ್ ಕೆಲಸ ಅರ್ಧವಾಗುವುದಿಲ್ಲವೇ? ಇನ್ನೊಂದು ಅದಕ್ಕಿಂತ ದೊಡ್ಡದು. ಅಮ್ಮ ಹೋಗುವ ಮುಂಚೆ ನಮ್ಮಿಬ್ಬರನ್ನೂ ಕೂರಿಸಿಕೊಂಡು "ಮುಂದಿಂದು ಅವನಿಗೆ, ಹಿಂದಿಂದು ಇವಳಿಗೆ" ಎಂದಳು. ಅದು ಬಾಯಿಮಾತು. ಮನೆಪತ್ರ ಇಡಿಯಾಗಿ ನಿನ್ನ ಹೆಸರಿನಲ್ಲಿದೆ. ಹಿಂಭಾಗ ನನ್ನದು ಎಂದು ಹೇಳಿಕೊಳ್ಳಲು ನನಗಿರುವುದು ಕೆಳಗಿನ ಪುರಸಭೆ ನನ್ನ ಹೆಸರಿಗೆ ಕೊಟ್ಟ ಬಾಗಿಲ ನಂಬರು ಒಂದೇ. ಗಡಿಯೇ ಹೋದರೆ ಆ ನಂಬರಿನ ಗತಿ ಏನು?

ನನ್ನನ್ನು ಅನುಮಾನದ ಪ್ರಾಣಿ ಎನ್ನಬೇಡ. ಆ ಒಂದು ಕೋಣೆ, ಒಂದು ಅಡುಗೆಮನೆ, ರಟ್ಟು ಕತ್ತರಿಸುವ ಆ ಮೇಜು, ಇಷ್ಟೇ ನನ್ನ ಪ್ರಪಂಚ.

ನಿನ್ನ ಚೂಟಿ

~

ಫೆಬ್ರವರಿ ೬

ಚೂಟಿ,

ಅನುಮಾನದ ಪ್ರಾಣಿಯೇ, ಕೇಳು. ಹೊಸ ನಗರಸಭೆ ಬಂದರೆ ಹಳೆಯ ರಿಜಿಸ್ಟರುಗಳೆಲ್ಲ ಮೂಲೆಗೆ, ಹೊಸವು ಬೇಕು. ನೀನು ದಾರ ಪೋಣಿಸಿ ಪೋಣಿಸಿ ಸುಸ್ತಾಗುತ್ತೀಯ. ನಂಬರಿನದು ಬರೀ ಕಚೇರಿ ಲೆಕ್ಕ. ನಾನು ಬದುಕಿರುವಾಗ ನಿನ್ನನ್ನು ಆ ಕೋಣೆಯಿಂದ ಏಳಿಸುವವರು ಯಾರು?

ಹಾಳು ಯೋಚನೆ ಬಿಟ್ಟು ಚಪ್ಪಲಿ ಹಾಕಿಕೊಂಡು ಹೊರಡು.

ಅಣ್ಣ

~

ಏಪ್ರಿಲ್ ೧೭

ಅಣ್ಣಾ,

ಚಪ್ಪಲಿ ಸವೆದಿದೆ, ಹೊಸದು ಕೊಡಿಸು. ಎರಡೂ ಕಡೆಯ ಬೀದಿಗಳನ್ನು ಮುಗಿಸಿದೆ. ಸಹಿಯ ಹಾಳೆಗಳನ್ನು ಹೊಲಿದು, ಅಂಚು ಕತ್ತರಿಸಿ, ಕ್ಯಾಲಿಕೋ ಬಟ್ಟೆಯ ಬೆನ್ನು ಕಟ್ಟಿ ಒಕ್ಕೂಟಕ್ಕೆ ಒಪ್ಪಿಸಿದ್ದೇನೆ. ಇಷ್ಟು ಚಂದದ ಮನವಿ ಸರಕಾರ ಕಂಡಿರಲಿಕ್ಕಿಲ್ಲ.

ನನಗೇ ಆಶ್ಚರ್ಯ, ಈ ಕೆಲಸ ಇಷ್ಟು ಖುಷಿ ಕೊಡುತ್ತದೆಂದು ಗೊತ್ತಿರಲಿಲ್ಲ. ಪಕ್ಕದ ಕ್ಷೌರದಂಗಡಿಯವನು "ತೆರಿಗೆ ಇಳಿದ್ರೆ ನಾನು ಕಟಿಂಗ್ ರೇಟೂ ಇಳಿಸ್ಬೇಕಾ?" ಎಂದ. "ನೀನು ಇಳಿಸೋದು ಕೂದಲು ಮಾತ್ರ, ಸಹಿ ಹಾಕು" ಎಂದೆ. ಕುರ್ಚಿಯಲ್ಲಿ ಕೂತಿದ್ದ ಗಿರಾಕಿಯೂ ಮುಖದ ಸೋಪು ಒರೆಸಿಕೊಳ್ಳದೆ ಸಹಿ ಹಾಕಿದ. ರಿಟೈರಾದ ಹೆಡ್‌ಮಾಸ್ಟರು ಕರಪತ್ರದಲ್ಲಿ ತಪ್ಪು ಹುಡುಕಿ ಕೆಂಪು ಶಾಯಿಯಲ್ಲಿ ತಿದ್ದಿಕೊಟ್ಟರು, ಆಮೇಲೆ ಸಹಿ.

ಹಟ ಹಿಡಿದವಳು ನರ್ಸಮ್ಮ ಒಬ್ಬಳೇ. ಕೆಳಗಿನ ಪುರಸಭೆಯ ಹೆರಿಗೆ ಆಸ್ಪತ್ರೆ ನಡೆಸುವವಳು, ನೀನು ನೋಡಿದ್ದೀಯ. ಮೂರು ಮಂಚ, ಒಂದು ತೂಕದ ತಕ್ಕಡಿ, ಬಾಗಿಲಿಗೆ ಹಸಿರು ಪರದೆ. ನನ್ನ ಹಳೆಯ ಗೆಳತಿ. ಅಮ್ಮನ ಕೊನೆಯ ತಿಂಗಳುಗಳಲ್ಲಿ ದಿನಾ ಬಂದು ಬೆನ್ನು ಒರೆಸಿ ಹೋಗುತ್ತಿದ್ದಳು.

"ಎರಡೂ ಒಂದಾದ್ರೆ ಹೆರಿಗೆ ಆಸ್ಪತ್ರೆನೂ ಒಂದೇ ಸಾಕು ಅಂತಾರೆ. ಮುಚ್ಚೋದು ನಂದೇ ಅಲ್ವೇನೇ?" ಎಂದಳು.

"ಹುಚ್ಚಿ, ಹೆರಿಗೆ ನಿಂತ್ಹೋಗುತ್ತಾ ಎಲ್ಲಾದ್ರೂ? ನಿನ್ನ ಕೆಲಸಕ್ಕೆ ನಾನು ಗ್ಯಾರಂಟಿ" ಎಂದೆ.

ನನಗೆ ಗೊತ್ತಿತ್ತು ಅಣ್ಣಾ. ಕರಪತ್ರದ ಹಿಂದಿನ ಬದಿಯಲ್ಲಿ ಉಳಿತಾಯದ ಬಾಬ್ತುಗಳ ಸಾಲಿನಲ್ಲಿ ಅವಳ ಆಸ್ಪತ್ರೆಯೇ ಮೊದಲಿದೆ. ಅವಳ ಕೈಗೆ ಕೊಡುವಾಗ ಆ ಸಾಲನ್ನು ಹೆಬ್ಬೆರಳಿನಲ್ಲಿ ಮುಚ್ಚಿ ಹಿಡಿದಿದ್ದೆ. ಅವಳು ಓದಲು ಕನ್ನಡಕವನ್ನೂ ಹಾಕಿಕೊಳ್ಳಲಿಲ್ಲ, ನನ್ನ ಮುಖ ನೋಡಿ ಸಹಿ ಹಾಕಿದಳು. ಮನೆಗೆ ಬಂದು ಒಬ್ಬಳೇ ನಕ್ಕೆ. ಗೆಲ್ಲುವುದೆಂದರೆ ಇಷ್ಟು ಸುಲಭವೇ? ಸಾಯುವ ತನಕ ರಟ್ಟಿಗೆ ಅಂಟು ಬಳಿಯುವುದೊಂದೇ ನನ್ನ ಕೈಲಾಗುವುದು ಎಂದುಕೊಂಡಿದ್ದೆ.

ಅತ್ತಿಗೆಗೆ ನನ್ನ ನೆನಪು ಹೇಳು. ಅವರ ಅಮ್ಮನ ಸೊಂಟನೋವು ಹೇಗಿದೆ?

ಚೂಟಿ

~

ಜೂನ್ ೨೨

ಚೂಟಿ,

ಗೆದ್ದೆವು! ಪತ್ರಿಕೆಯಲ್ಲಿ ನೋಡಿರುತ್ತೀಯ. ನಿನ್ನ ಬೀದಿಗಳಲ್ಲೇ ಹೆಚ್ಚು ಮತ ಬಿದ್ದಿದೆ ಎಂದು ಒಕ್ಕೂಟದಲ್ಲಿ ಎಲ್ಲರೂ ನಿನ್ನ ಹೆಸರು ಎತ್ತಿದರು. ನನ್ನ ಎದೆ ಉಬ್ಬಿತು. ನಾಲ್ಕು ಕಚೇರಿಗಳಿಗೂ ಬೀಗ, ಇನ್ನು ಒಂದೇ ನಗರಸಭೆ.

ಮನೆಗಳನ್ನು ಹೊಸದಾಗಿ ಅಳೆಯುತ್ತಾರಂತೆ. ನಮ್ಮ ಸರದಿ ಬಂದಾಗ ನಾನೇ ಬರುತ್ತೇನೆ. ಅಲ್ಲಿಯ ತನಕ ಕಚೇರಿಯಲ್ಲಿ ನೀನು ಬಾಯಿ ಹಾಕಬೇಡ.

ಅಣ್ಣ

~

ಆಗಸ್ಟ್ ೧೪

ಅಣ್ಣಾ,

ಚಪ್ಪಲಿ ಕೊಡಿಸುವುದು ಬೇಡ, ಹಾಕಿಕೊಂಡು ಹೋಗುವ ಬಾಗಿಲು ಯಾವುದೂ ಉಳಿದಿಲ್ಲ.

ಹೆರಿಗೆ ಆಸ್ಪತ್ರೆಯನ್ನು ಹೋದ ತಿಂಗಳು ಮುಚ್ಚಿದರು. ಮಂಚಗಳನ್ನು ಕಸದ ಲಾರಿಯಲ್ಲಿ ಹೇರಿಕೊಂಡು ಹೋದರು. ಈಗ ಒಂದೇ ಲಾರಿ ಆದ್ದರಿಂದ ಜಗಳವಿಲ್ಲ. ಅದಾಗಿ ಕೆಲವೇ ದಿನಕ್ಕೆ ಕ್ಷೌರದಂಗಡಿಯವನ ಸೊಸೆ ದೊಡ್ಡಾಸ್ಪತ್ರೆಗೆ ಹೋಗುವ ದಾರಿಯಲ್ಲಿ ಬಸ್ಸಿನೊಳಗೇ ಹೆತ್ತಳು. ಮಗು ಉಳಿಯಲಿಲ್ಲ. ಮಾತಾಡಿಸಲು ಹೋದೆ. ಅವನು ಬೈಯಲಿಲ್ಲ. ಕತ್ತಿ ಮಸೆಯುತ್ತಾ "ನೀವೇ ಅಲ್ವೇನಮ್ಮಾ ಸಹಿ ಹಾಕ್ಸಿದ್ದು?" ಎಂದ, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ನರ್ಸಮ್ಮ ಊರು ಬಿಡುವ ದಿನ ನಮ್ಮ ಬಾಗಿಲಿಗೆ ಬಂದಳು. ಒಳಗೆ ಕರೆದೆ, ಬರಲಿಲ್ಲ. "ನಿನ್ನ ಗ್ಯಾರಂಟಿ ನಿಂಗೇ ಇರ್ಲಿ" ಎಂದು ಹೊಸಿಲಾಚೆಯಿಂದಲೇ ಹೋದಳು. ನಾನು ಬಾಗಿಲು ಹಾಕಿಕೊಂಡು ಅತ್ತೆ. ಅತ್ತರೆ ಏನು ಬಂತು, ಹೆಬ್ಬೆರಳು ನನ್ನದೇ.

ಇನ್ನು ನನ್ನ ಕಥೆ. ಹೊಸ ಕಚೇರಿಗೆ ಕೆಲಸ ಕೇಳಲು ಹೋದೆ. "ರಿಜಿಸ್ಟರೆಲ್ಲ ಎಲ್ಲಿದೆಯಮ್ಮಾ, ಈಗೆಲ್ಲ ಕಂಪ್ಯೂಟರು" ಎಂದು ಗುಮಾಸ್ತ ನನ್ನನ್ನು ಹಳೆಯ ಕಪಾಟಿನ ಹಾಗೆ ನೋಡಿದ. ನನ್ನ ಬಾಗಿಲ ನಂಬರು ಕೇಳಿದರೆ ಅದೂ ರದ್ದಾಗಿದೆ. "ಒಂದು ಮನೆಗೆ ಒಂದೇ ನಂಬರು. ಮನೆಪತ್ರ ಯಾರ ಹೆಸರಲ್ಲಿದೆಯೋ ಇಡೀ ಮನೆ ಅವ್ರದೇ. ನಿಮ್ಮಣ್ಣ ಬಂದು ಹಿಂದಿನರ್ಧ ತಂಗೀದು ಅಂತ ಒಂದು ಮಾತು ಹೇಳಿದ್ರೆ ಬೇರೆ ಮಾಡಿಕೊಡ್ತೀವಿ" ಎಂದ.

ಒಂದು ಮಾತು, ಅಣ್ಣಾ. ಬಂದು ಹೇಳಿಹೋಗು. ನಾನು ಯಾರ ಹತ್ತಿರವೂ ಕೈಚಾಚಿದವಳಲ್ಲ, ನಿನಗೆ ಗೊತ್ತು. ಈಗ ಚಾಚುತ್ತಿದ್ದೇನೆ.

ನಿನ್ನ ತಂಗಿ

~

ಸೆಪ್ಟೆಂಬರ್ ೧೦

ಅಣ್ಣಾ,

ನನ್ನ ಕಾಗದ ತಲುಪಿಲ್ಲ ಎಂದುಕೊಳ್ಳಲೇ? ಪೋಸ್ಟ್‌ಮ್ಯಾನನ್ನು ಕೇಳಿದೆ, "ನಾನೇನು ನುಂಗ್ತೀನಾ ತಾಯಿ?" ಎಂದು ರೇಗಿದ. ಬೀದಿದೀಪಗಳು ಎರಡು ಬಿಟ್ಟು ಒಂದು ಉರಿಯುತ್ತಿವೆ. ನಮ್ಮ ಬಾಗಿಲ ಮುಂದಿನದು ಬಿಟ್ಟ ಎರಡರಲ್ಲಿ ಸೇರಿದೆ.

ಅಳತೆಯವರು ಮುಂದಿನ ತಿಂಗಳು ಬರುತ್ತಾರಂತೆ. ನೀನೂ ಬರುತ್ತೀಯಲ್ಲ?

ತಂಗಿ

~

ಅಕ್ಟೋಬರ್ ೫

ಅಣ್ಣಾ,

ನೀನು ನಿನ್ನೆ ಊಟಕ್ಕೂ ನಿಲ್ಲದೆ ಬಸ್ಸು ಹತ್ತಿದ್ದರಿಂದ ಹೇಳಬೇಕಾದದ್ದನ್ನು ಬರೆಯುತ್ತಿದ್ದೇನೆ.

ಅಳತೆಯ ಅಧಿಕಾರಿ ಒಳ್ಳೆಯ ಮನುಷ್ಯ. ಚಪ್ಪಲಿ ಬಿಟ್ಟು ಒಳಗೆ ಬಂದ, ನನ್ನ ರಟ್ಟುಗಳನ್ನು ತುಳಿಯದಂತೆ ಟೇಪು ಹಿಡಿದ. ನೀನು ಮುಂದೆ ಮುಂದೆ ಹೋಗಿ ಕಿಟಕಿ ತೆರೆದು ತೋರಿಸುತ್ತಿದ್ದೆ, ಟೈಲ್ಸ್ ಮಾರುವವನ ಹಾಗೆಯೇ. ನಾನು ಚಹಾ ತಂದೆ. ಅವನು ಲೋಟ ತೆಗೆದುಕೊಂಡು "ಇವ್ರು ಯಾರು?" ಎಂದು ಕೇಳಿದ.

ನಾನು ತಲೆ ಎತ್ತಿ ನಿಂತೆ, ನೀನು ಆ ಒಂದು ಮಾತು ಹೇಳುತ್ತೀ ಎಂದು. ಅದಕ್ಕೇ ತಾನೇ ಬಂದದ್ದು ನೀನು? ಬೆಳಗಿನಿಂದ ನಾನು ಕೇಳಲೂ ಇಲ್ಲ, ಕೇಳಿ ಹೇಳಿಸಿದ ಹಾಗೆ ಆಗಬಾರದೆಂದು.

"ಮನೆ ನೋಡ್ಕೊಳ್ಳೋಕೆ ಇಟ್ಕೊಂಡಿರೋರು" ಎಂದೆ ನೀನು.

"ಸಂಬಂಧಿಕರಾ?" ಎಂದು ಅವನು ಮತ್ತೆ ಕೇಳಿದ.

"ಛೆ ಛೆ. ಗುರುತಿನೋರು, ಅಷ್ಟೇ" ಎಂದೆ ನೀನು. ಮೇಲಿಂದ ನನಗೆ ಹೇಳಿದೆ, "ಸಾಹೇಬ್ರಿಗೆ ಇನ್ನೊಂದು ಸ್ವಲ್ಪ ಸಕ್ಕರೆ ತನ್ನಿ."

ತನ್ನಿ! ಹುಟ್ಟಿದಾಗಿನಿಂದ ನನ್ನನ್ನು ಬಹುವಚನದಲ್ಲಿ ಕರೆದವನಲ್ಲ ನೀನು. ನಾನು ಸಕ್ಕರೆ ತಂದೆ, ಅಣ್ಣಾ. ಯಾಕೆ ತಂದೆ ಎಂದು ರಾತ್ರಿಯಿಂದ ಯೋಚಿಸುತ್ತಿದ್ದೇನೆ. ಸಕ್ಕರೆ ಹಾಕಿ ಕಲಕಿಯೂ ಕೊಟ್ಟೆ. ಅಧಿಕಾರಿ "ಥ್ಯಾಂಕ್ಸಮ್ಮಾ" ಎಂದ. ನೀನು ಅವನ ಕಾಗದಕ್ಕೆ ಸಹಿ ಹಾಕಿ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡೆ.

ಯಾಕೆ ಹಾಗೆ ಹೇಳಿದೆ? ಜಗಳಕ್ಕಲ್ಲ, ತಿಳಿಯುವುದಕ್ಕೆ ಕೇಳುತ್ತಿದ್ದೇನೆ.

ತಂಗಿ

~

ಅಕ್ಟೋಬರ್ ೧೬

ಚೂಟಿ,

ಎಲ್ಲವನ್ನೂ ಕಣ್ಣೀರಿನಲ್ಲಿ ಅದ್ದಿ ತೆಗೆಯಬೇಡ. ವ್ಯವಹಾರ ಎಂದರೆ ವ್ಯವಹಾರ. ತಂಗಿ ಎಂದಿದ್ದರೆ ಮುಂದಿನ ಪ್ರಶ್ನೆ ಪಾಲಿನದು ಬರುತ್ತಿತ್ತು. ಪಾಲಿನ ತಕರಾರು ಇರುವ ಮನೆಯನ್ನು ಯಾವ ಮೂರ್ಖ ಕೊಳ್ಳುತ್ತಾನೆ?

ಹೌದು, ಮಾರುತ್ತಿದ್ದೇನೆ. ಗಿರಾಕಿ ಸಿಕ್ಕಿದ್ದಾನೆ. ಎರಡು ಪುರಸಭೆಗಳ ನಡುವೆ ಸಿಕ್ಕಿಬಿದ್ದ ಆ ಮನೆ ಇಷ್ಟು ವರ್ಷ ಯಾರಿಗೂ ಬೇಡವಾಗಿತ್ತು. ಒಂದು ನಂಬರು ಆದ ಮೇಲೆ ತಾನೇ ಅದಕ್ಕೊಂದು ಬೆಲೆ ಬಂದದ್ದು? ನಾನು ಇಷ್ಟೆಲ್ಲ ಓಡಾಡಿದ್ದು ಚೀಟಿಯ ಮೇಲಿನ ನಾಲ್ಕು ಕಾಸಿಗೆ ಎಂದುಕೊಂಡಿದ್ದೆಯಾ? ಇಷ್ಟು ಬುದ್ಧಿವಂತೆಗೆ ಅಷ್ಟೂ ಹೊಳೆಯಲಿಲ್ಲವೆಂದರೆ ನನಗೇ ನಗು ಬರುತ್ತದೆ. ಸಹಿ ಮಾಡಿಸಿದವಳು ನೀನು, ಮತ ಹಾಕಿದವಳೂ ನೀನು. ಈಗ ನನ್ನ ಮೇಲೆ ಗೂಬೆ ಕೂರಿಸಬೇಡ. ಅಮ್ಮನ ಬಾಯಿಮಾತು ಅಮ್ಮನ ಜೊತೆಗೇ ಹೋಯಿತು.

ನಿನ್ನನ್ನು ಬೀದಿಗೆ ಹಾಕುವಷ್ಟು ಕಟುಕ ನಾನಲ್ಲ. ಇಲ್ಲಿ ಗೋದಾಮಿನ ಹಿಂದೆ ಒಂದು ಜಾಗ ಇದೆ, ಮಂಚ ಹಿಡಿಯುತ್ತದೆ. ನಿನ್ನ ಅತ್ತಿಗೆಯ ಅಮ್ಮನನ್ನು ಹಾಸಿಗೆಯಿಂದ ಎತ್ತಿ ಕೂರಿಸಲು ಒಬ್ಬರು ಬೇಕಾಗಿದ್ದಾರೆ. ನಿನಗೆ ಅಭ್ಯಾಸವಿರುವ ಕೆಲಸ. ಸಂಬಳದವರನ್ನು ಇಡುವ ಬದಲು ಮನೆಯವಳೇ ಆದರೆ ನಂಬಿಕೆ. ತಿಂಗಳ ಕೊನೆಗೆ ಖಾಲಿ ಮಾಡು.

ಅಣ್ಣ

~

ನವೆಂಬರ್ ೨

ಬೀಗದ ಕೈ ಕ್ಷೌರದಂಗಡಿಯಲ್ಲಿದೆ. ಗೋದಾಮಿಗೆ ಬರುವುದಿಲ್ಲ.

~

ಜನವರಿ ೨೪

ಪ್ರೀತಿಯ ಚೂಟಿ,

ನೀನು ಮಾರ್ಕೆಟ್ಟಿನ ಪ್ರೆಸ್ಸಿನ ಅಟ್ಟದಲ್ಲಿ ಇದ್ದೀ ಎಂದು ಹೆಡ್‌ಮಾಸ್ಟರಿಂದ ತಿಳಿಯಿತು. ಆ ಸೀಸದ ವಾಸನೆಯಲ್ಲಿ ಹೇಗಿದ್ದೀಯೋ. ನೆನೆದರೆ ಅನ್ನ ಇಳಿಯುವುದಿಲ್ಲ.

ಒಂದು ವಿಷಯ. ಈ ನಗರಸಭೆಯವರಿಗೆ ತಲೆ ಕೆಟ್ಟಿದೆ. ನಾಲ್ಕು ಕಚೇರಿಯ ಹಳೆಯ ಸಾಲಗಳೆಲ್ಲ ಈಗ ಒಂದೇ ಕಚೇರಿಯ ತಲೆಗೆ ಬಂದವಂತೆ, ಎಲ್ಲರ ಸಂಬಳವನ್ನೂ ಹೆಚ್ಚಿದ್ದವರ ಸಮಕ್ಕೆ ಏರಿಸಬೇಕಾಯಿತಂತೆ. ಉಳಿತಾಯ ಎಲ್ಲಿಗೆ ಹೋಯಿತೆಂದು ಕೇಳಿದರೆ ಪಕ್ಕದ ಕಿಟಕಿಗೆ ಹೋಗಿ ಎನ್ನುತ್ತಾರೆ. ಮೊದಲ ಬಜೆಟ್ಟಿನಲ್ಲೇ ಹೊಸ ನಿಯಮ ತಂದಿದ್ದಾರೆ. ಮಾಲೀಕನಾಗಲಿ ಅವನ ರಕ್ತಸಂಬಂಧಿಗಳಾಗಲಿ ವಾಸವಿಲ್ಲದ ಮನೆಗೆ ಮೂರು ಪಟ್ಟು ತೆರಿಗೆ, ಅದೂ ಕಳೆದ ವರ್ಷದಿಂದ. ಚೀಟಿ ನೋಡಿ ಗಿರಾಕಿ ಮುಂಗಡ ವಾಪಸು ಕೇಳಿ ಓಡಿದ. ಆ ಮುಂಗಡ ಅಂಗಡಿಯ ಸಾಲಕ್ಕೆ ಹೋಗಿಯಾಗಿದೆ. ಬ್ಯಾಂಕಿನವರು ದಿನಾ ಬಂದು ಕೂರುತ್ತಾರೆ. ಕಟ್ಟದಿದ್ದರೆ ಮನೆಯನ್ನು ನಗರಸಭೆಯೇ ಹರಾಜು ಹಾಕುತ್ತದೆ.

ನೀನು ನನ್ನ ತಂಗಿ, ಅಲ್ಲೇ ವಾಸವಿದ್ದೆ, ಮತ್ತೆ ಬಂದು ವಾಸವಿರುತ್ತೀ ಎಂದು ಅಧಿಕಾರಿಯ ಮುಂದೆ ಹೇಳಿದರೆ ಸಾಕು. ಹಿಂದಿನರ್ಧ ನಿನ್ನ ಹೆಸರಿಗೆ ಬರೆದುಕೊಡುತ್ತೇನೆ, ಅಮ್ಮನಾಣೆ. ನಿನ್ನ ಮೇಜು ಅಲ್ಲೇ ಇದೆ, ಯಾರೂ ಮುಟ್ಟಿಲ್ಲ.

ನಿನ್ನ ಪ್ರೀತಿಯ ಅಣ್ಣ

~

ಫೆಬ್ರವರಿ ೮

ಚೂಟಿ,

ಉತ್ತರವಿಲ್ಲ. ನಾನು ಆಗ ಆಡಿದ್ದು ತಪ್ಪು. ಹಾಳಾದ ಬಾಯಿ. ಬೇಕಾದರೆ ಬಂದು ಕಾಲಿಗೆ ಬೀಳುತ್ತೇನೆ. ಆ ಅಧಿಕಾರಿಗೆ ಬರೆದಿದ್ದೇನೆ, ನಿನ್ನನ್ನು ಹುಡುಕಿಕೊಂಡು ಬಂದು ಕೇಳುತ್ತಾನೆ. ಇದ್ದದ್ದನ್ನು ಇದ್ದ ಹಾಗೆ ಹೇಳು, ಸುಳ್ಳೇನೂ ಬೇಡ. ನಿಜ ಹೇಳಲು ನಿನಗೇನು ನಷ್ಟ?

ಅಣ್ಣ

~

ಫೆಬ್ರವರಿ ೧೯

ಮಾಲೀಕರಿಗೆ ನಮಸ್ಕಾರ.

ತಮ್ಮ ಎರಡೂ ಪತ್ರಗಳು ತಲುಪಿದವು. ಅಧಿಕಾರಿಗಳು ನಿನ್ನೆ ಪ್ರೆಸ್ಸಿಗೆ ಬಂದಿದ್ದರು. ಕುರ್ಚಿ ಇಲ್ಲದ್ದರಿಂದ ಕಾಗದದ ಬಂಡಲ್ಲೊಂದನ್ನು ಎಳೆದುಕೊಟ್ಟೆ. ಬಿಲ್‌ಬುಕ್ಕುಗಳ ರಾಶಿಯ ನಡುವೆ ಮಂಡಿ ಮಡಚಿ ಕೂತು, ತಾವು ಬರೆದದ್ದನ್ನು ಓದಿ ಹೇಳಿದರು.

"ನೀವು ಅವ್ರ ಸ್ವಂತ ತಂಗಿ ಅಂತ ಬರ್ದಿದ್ದಾರೆ. ಅವತ್ತು ಬೇರೆ ಹೇಳಿದ್ರು. ನೀವು ಹೌದು ಅಂದ್ರೆ ತೆರಿಗೆ ಇಳಿಸ್ತೀನಿ, ನಿಮ್ಮ ಕೋಣೆಗೆ ನೀವೂ ಹೋಗ್ಬಹುದು. ಹೌದೇನಮ್ಮಾ?"

ಮುಚ್ಚುಮರೆ ಯಾಕೆ, ಆ ಕೋಣೆ ನನಗೆ ಬೇಕಿತ್ತು. ಈ ಅಟ್ಟದಲ್ಲಿ ನೆಟ್ಟಗೆ ನಿಲ್ಲಲು ಆಗುವುದಿಲ್ಲ, ಕತ್ತು ಬಗ್ಗಿಸಿಯೇ ರಟ್ಟು ಕತ್ತರಿಸುತ್ತೇನೆ. ಕೆಳಗೆ ಯಂತ್ರ ಓಡಿದರೆ ಹಾಸಿಗೆಯೂ ಅದುರುತ್ತದೆ. ಹೌದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹರಾಜಾದರೆ ತಾವು ಅಂಗಡಿಯನ್ನೂ ಕಳೆದುಕೊಳ್ಳುತ್ತೀರಿ ಎನ್ನುವುದೂ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ.

"ಇಲ್ಲ ಸಾರ್. ನಾನು ಮನೆ ನೋಡ್ಕೊಳ್ಳೋಕೆ ಇದ್ದೋಳು. ಅವ್ರಿಗೆ ಒಬ್ಬ ತಂಗಿ ಇದ್ಲು, ಅದು ನಿಜ. ಅಕ್ಟೋಬರ್ ತಿಂಗಳಲ್ಲಿ ತೀರ್ಕೊಂಡ್ಲು."

"ಅಯ್ಯೋ ಪಾಪ. ಮತ್ತೆ ನಿಮ್ಮನ್ನೇ ತಂಗಿ ಅಂತ ಬರ್ದಿದ್ದಾರಲ್ಲ?"

"ದುಃಖ ಸಾರ್. ಒಬ್ಬೊಬ್ರಿಗೆ ಹೀಗೂ ಬುದ್ಧಿ ಕೆಡುತ್ತೆ."

ಅವರು ಅದನ್ನು ಬರೆದುಕೊಂಡರು. ನಾನು ಸಹಿ ಹಾಕಿದೆ. ಅವರು ಏಣಿ ಇಳಿದು ಹೋದ ಮೇಲೆ ತುಂಬ ಹೊತ್ತು ಅತ್ತೆ, ಆದರೆ ಕೂಗಿ ವಾಪಸು ಕರೆಯಲಿಲ್ಲ. ತೆರಿಗೆ ಇಳಿಸಲು ಬರುವುದಿಲ್ಲ, ಹರಾಜಿನ ನೋಟಿಸು ತಮ್ಮ ಅಂಗಡಿಯ ವಿಳಾಸಕ್ಕೆ ಬರುತ್ತದೆ ಎಂದು ತಿಳಿಸಲು ಹೇಳಿದ್ದಾರೆ.

ತಮ್ಮ ತಂಗಿ ಹೋದದ್ದು ಕೇಳಿ ನನಗೂ ಬೇಜಾರಾಯಿತು. ಧೈರ್ಯ ತಂದುಕೊಳ್ಳಿ.

ಇಂತಿ,
ಮನೆ ನೋಡಿಕೊಳ್ಳುತ್ತಿದ್ದವಳು